ತೊಟ್ಟಿಲಿನ ಲೆಕ್ಕದ ಪುಸ್ತಕಗಳು

ನಲವತ್ತು ದಾಟಿದವರು ವೈದ್ಯರ ಮುಂದೆ ಹೋಗಿ ಕುಳಿತರೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: “ನಿಮ್ಮ ತಂದೆಗೋ ತಾಯಿಗೋ ಸಕ್ಕರೆ ಕಾಯಿಲೆ ಇತ್ತೆ? ಮನೆತನದಲ್ಲಿ ಯಾರಿಗಾದರೂ ಹೃದಯದ ತೊಂದರೆ?” ಇದಕ್ಕೆ ನಾವು ಸಿದ್ಧವಾದ ಉತ್ತರವನ್ನು ಇಟ್ಟುಕೊಂಡೇ ಹೋಗಿರುತ್ತೇವೆ. ಆದರೆ “ನೀವು ಹುಟ್ಟಿದಾಗ ಎಷ್ಟು ತೂಕವಿದ್ದಿರಿ?” ಎಂದು ಕೇಳಿದ ವೈದ್ಯರನ್ನು ನೀವು ಕಂಡಿದ್ದೀರಾ? ನಾನಂತೂ ಕಂಡಿಲ್ಲ. ಕೇಳಿದರೂ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? “ಬೆಕ್ಕಿನ ಮರಿಯಷ್ಟಿದ್ದೆ ಕಣೋ” ಎಂದೋ, “ಗುಂಡುಕಲ್ಲಿನ ಹಾಗಿದ್ದೆ” ಎಂದೋ ತಾಯಂದಿರು ಹೇಳಿದ ಮಾತಷ್ಟೇ ನಮಗಿರುವ ದಾಖಲೆ.

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಕ್ಕಳ ಹೆಸರು ಬರೆದು ಬರೆದು ಸವೆದ ಕೈ ನನ್ನದು. ಅದರಲ್ಲಿ ಜನ್ಮದಿನಾಂಕಕ್ಕೆ ಒಂದು ಕಲಮು ಉಂಟು. ಅಲ್ಲಿ ಬರೆದುದು ನಿಜವಾಗಿರುವುದೂ ಅಪರೂಪವೇ. ಮಗುವನ್ನು ಒಂದು ವರ್ಷ ಮುಂಚೆ ಸೇರಿಸಬೇಕೆಂಬ ಆತುರದಲ್ಲಿ ಅರ್ಧ ಊರೇ ಜೂನ್ ತಿಂಗಳಲ್ಲಿ ಹುಟ್ಟಿಬಿಟ್ಟಿರುತ್ತದೆ! ಹೀಗಿರುವಾಗ ಹುಟ್ಟಿದ ದಿನದ ತೂಕವನ್ನು ಬರೆದಿಡುವವರು ಯಾರು? ಆದರೆ ಲೋಕದಲ್ಲಿ ಕೆಲವೆಡೆ ಕೆಲವರು ಬರೆದಿಟ್ಟರು. ಏಕೆ ಬರೆಯುತ್ತಿದ್ದೇವೆಂಬುದು ಅವರಿಗೂ ಪೂರ್ತಿಯಾಗಿ ತಿಳಿದಿರಲಿಲ್ಲ. ಅರ್ಧ ಶತಮಾನ ಕಳೆದ ಮೇಲೆ ಆ ಪುಸ್ತಕಗಳನ್ನು ಬಿಡಿಸಿ ನೋಡಿದಾಗ ವೈದ್ಯಶಾಸ್ತ್ರದ ಒಂದು ಹಳೆಯ ನಂಬಿಕೆಯೇ ಅಲುಗಾಡಿತು. ಆ ಪುಸ್ತಕಗಳ ಕಥೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ. ಅವುಗಳಲ್ಲಿ ಒಂದು ನಮ್ಮ ಮೈಸೂರಿನದೇ.

ಮನುಷ್ಯನ ಆರೋಗ್ಯವನ್ನು ನಿರ್ಣಯಿಸುವುದು ಹುಟ್ಟೋ, ಬೆಳೆದ ಬಗೆಯೋ ಎಂಬ ಜಿಜ್ಞಾಸೆ ಬಹು ಹಳೆಯದು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಗರ್ಭವು ನೆಲೆಗೊಳ್ಳಲು ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕೂ ಕೂಡಿಬರಬೇಕೆಂದು ಹೇಳಿದೆ. ಮೊಳಕೆಗೆ ಹೇಗೋ ಹಾಗೆ. ಇದನ್ನು ಎತ್ತಿಹಿಡಿದು, ಇಂದಿನ ವಿಜ್ಞಾನವೆಲ್ಲ ನಮ್ಮಲ್ಲಿ ಹಿಂದೆಯೇ ಇತ್ತೆಂದು ಎದೆಯುಬ್ಬಿಸುವವನು ನಾನಲ್ಲ. ಬೀಜವನ್ನೂ ಹೊಲವನ್ನೂ ಒಟ್ಟಿಗೆ ನೋಡುವ ರೈತನ ಕಣ್ಣು ಆ ಮಾತಿನಲ್ಲಿದೆ ಎಂಬಷ್ಟಕ್ಕೆ ಹೇಳಿದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ಪಂಡಿತನು ಇವೆರಡನ್ನೂ ಎದುರುಬದುರು ನಿಲ್ಲಿಸಿ, ಬೀಜಕ್ಕೇ ಪಟ್ಟ ಕಟ್ಟಿದನು. ಅವನ ವಾದದ ಬೆನ್ನು ಹಿಡಿದು ಹೋದವರು ಮುಂದೆ ಮಾಡಿದ ಅನಾಹುತಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ‘ಜೀನ್’ ಎಂಬ ಹೆಸರು ಬಂದದ್ದು 1909ರಲ್ಲಿ, ಡೆನ್ಮಾರ್ಕಿನ ಯೋಹಾನ್ಸೆನ್ ಎಂಬ ವಿಜ್ಞಾನಿಯಿಂದ. ನಾವು ಅದನ್ನು ವಂಶವಾಹಿ ಎನ್ನುತ್ತೇವೆ.

ಇನ್ನು ಮೊದಲನೆಯ ಪುಸ್ತಕ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ಎಂಬ ಪ್ರಾಂತದಲ್ಲಿ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಮಹಿಳೆ ಸೂಲಗಿತ್ತಿಯರ ಮೇಲ್ವಿಚಾರಕಿಯಾಗಿದ್ದರು. ಬೋಯರ್ ಯುದ್ಧಕ್ಕೆ ಸೈನಿಕರಾಗಲು ಬಂದ ಆಂಗ್ಲ ತರುಣರಲ್ಲಿ ಅನೇಕರು ಕೃಶರೂ ರೋಗಿಷ್ಠರೂ ಆಗಿದ್ದುದನ್ನು ಕಂಡು ಆ ದೇಶವೇ ಗಾಬರಿಗೊಂಡಿದ್ದ ಕಾಲವದು. 1911ರಿಂದ ಬರ್ನ್‌ಸೈಡ್ ಒಂದು ಕಟ್ಟಳೆ ಮಾಡಿದರು. ಹೆರಿಗೆ ಮಾಡಿಸಿದ ದಾದಿಯು ಮಗುವನ್ನು ತೂಗಿ ಬರೆಯಬೇಕು. ವರ್ಷ ತುಂಬುವವರೆಗೆ ಆರೋಗ್ಯ ಸಂದರ್ಶಕಿಯು ಮನೆಗೆ ಹೋಗಿ ನೋಡಬೇಕು. ತಾಯಿಯ ಹಾಲೋ ಬಾಟಲಿಯ ಹಾಲೋ, ವರ್ಷಕ್ಕೆ ತೂಕವೆಷ್ಟು, ಹಲ್ಲು ಎಷ್ಟು ಬಂದಿವೆ ಎಲ್ಲವೂ ದಪ್ತರಕ್ಕೆ ಏರಬೇಕು. ತೂಕದ ಯಂತ್ರವನ್ನು ಹೊತ್ತು ಹಳ್ಳಿಯಿಂದ ಹಳ್ಳಿಗೆ ತಿರುಗಿದ ಆ ದಾದಿಯರ ಹೆಸರು ಯಾವ ವೈದ್ಯಗ್ರಂಥದಲ್ಲೂ ಇಲ್ಲ. ಅವರ ಅಕ್ಷರಗಳು ಮಾತ್ರ ಉಳಿದಿವೆ.

ಆ ಅಕ್ಷರಗಳನ್ನು ಓದುವ ಕಾಲ ಕೂಡಿಬಂದದ್ದು 1980ರ ದಶಕದಲ್ಲಿ. ಸೌತಾಂಪ್ಟನ್ ನಗರದ ಡೇವಿಡ್ ಬಾರ್ಕರ್ ಎಂಬ ವೈದ್ಯರು (1938–2013) ಒಂದು ವಿಚಿತ್ರವನ್ನು ಗಮನಿಸಿದ್ದರು. ಹೃದ್ರೋಗವು ತುಪ್ಪ ತಿಂದು ಕೊಬ್ಬಿದ ಸಿರಿವಂತರ ರೋಗವೆಂದು ಎಲ್ಲರ ಎಣಿಕೆ. ಆದರೆ ಇಂಗ್ಲೆಂಡು ಮತ್ತು ವೇಲ್ಸ್‌ಗಳ ನಕ್ಷೆಯಲ್ಲಿ ಆ ರೋಗದಿಂದ ಹೆಚ್ಚು ಜನ ಸಾಯುತ್ತಿದ್ದುದು ಬಡ ಊರುಗಳಲ್ಲಿ. ಬಾರ್ಕರರೂ ಅವರ ಸಹೋದ್ಯೋಗಿ ಆಸ್ಮಂಡರೂ 1921ರಿಂದ 1925ರವರೆಗಿನ ಶಿಶುಮರಣದ ನಕ್ಷೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರು. ಎರಡೂ ಬಹುಮಟ್ಟಿಗೆ ಒಂದೇ! ಎಲ್ಲಿ ಹಿಂದೆ ಹಸುಳೆಗಳು ಹೆಚ್ಚಾಗಿ ಸತ್ತಿದ್ದುವೋ ಅಲ್ಲಿಯೇ ಈಗ ಹಿರಿಯರು ಹೃದಯ ನಿಂತು ಸಾಯುತ್ತಿದ್ದರು. ಈ ಬರಹ ಬೆಳಕು ಕಂಡದ್ದು 1986ರಲ್ಲಿ. ಹಸುಳೆಯನ್ನು ಕೊಂದ ಕೊರತೆಯೇ, ಬದುಕಿ ಉಳಿದವರ ಮೈಯಲ್ಲಿ ಏನನ್ನೋ ಉಳಿಸಿಹೋಗಿರಬಹುದೆ?

ಊರೂರುಗಳ ಲೆಕ್ಕದಿಂದ ಇದು ಸಿದ್ಧವಾಗುವುದಿಲ್ಲ; ಒಬ್ಬೊಬ್ಬ ಮನುಷ್ಯನ ಲೆಕ್ಕ ಬೇಕು. ಹುಡುಕಾಟದಲ್ಲಿ ಸಿಕ್ಕಿದುದು ಬರ್ನ್‌ಸೈಡ್ ಅವರ ದಪ್ತರಗಳು. 1911ರಿಂದ 1930ರೊಳಗೆ ಹುಟ್ಟಿದ 5,654 ಗಂಡಸರ ಗತಿ ಏನಾಯಿತೆಂದು ನೋಡಿ 1989ರಲ್ಲಿ ಪ್ರಕಟಿಸಿದರು. ದೇಶದ ಸರಾಸರಿ ಹೃದ್ರೋಗಮರಣವನ್ನು 100 ಎಂದು ಇಟ್ಟುಕೊಳ್ಳಿ. ವರ್ಷ ತುಂಬಿದಾಗ 18 ಪೌಂಡು ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ಅದು 111. 27 ಪೌಂಡಿಗೆ ಮೇಲಿದ್ದವರಲ್ಲಿ 42. ಹುಟ್ಟಿದಾಗಲೂ ವರ್ಷಕ್ಕೂ ಹಗುರಾಗಿದ್ದವರ ಪಾಡು ಎಲ್ಲರಿಗಿಂತ ಕಡೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ನಾವು ಮಕ್ಕಳ ನಡತೆಗೆ ಹೇಳುತ್ತೇವೆ. ಇಲ್ಲಿ ಗಿಡವಾಗಿ ಬಗ್ಗಿದ್ದು ಮರವಾದ ಮೇಲೂ ನೆಟ್ಟಗಾಗಲಿಲ್ಲ ಎಂದಂತಾಯಿತು.

ವಿದ್ವಾಂಸರು ಸುಮ್ಮನೆ ಒಪ್ಪಲಿಲ್ಲ, ಒಪ್ಪಬಾರದು ಕೂಡ. ಬಡವರ ಮನೆಯ ಮಗು ಹಗುರಾಗಿ ಹುಟ್ಟುತ್ತದೆ, ಬಡವನಾಗಿಯೇ ಬೆಳೆಯುತ್ತದೆ, ಹೊಗೆ ಕುಡಿಯುತ್ತದೆ, ತಂಗಳು ಮನೆಯಲ್ಲಿ ಬಾಳುತ್ತದೆ. ಹೃದಯವನ್ನು ಕೆಡಿಸಿದ್ದು ತೊಟ್ಟಿಲೋ, ಆಮೇಲಿನ ಐವತ್ತು ವರ್ಷವೋ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಬೇಕಾದರೆ ಬಡವ ಬಲ್ಲಿದರೆನ್ನದೆ ಎಲ್ಲರ ಮೇಲೂ ಒಂದು ಹಸಿವು ಒಂದು ದಿನ ಬಂದೆರಗಿ ಇನ್ನೊಂದು ದಿನ ಹೊರಟುಹೋಗಬೇಕು. ಇಂಥ ಪರೀಕ್ಷೆಯನ್ನು ಮನುಷ್ಯನಾದವನು ಮಾಡಲಾರ. ಆದರೆ ಯುದ್ಧ ಮಾಡಿಬಿಟ್ಟಿತ್ತು.

1944ರ ಸೆಪ್ಟೆಂಬರಿನಲ್ಲಿ ಮಿತ್ರಸೈನ್ಯಗಳು ಹಾಲೆಂಡನ್ನು ಬಿಡಿಸಲು ನುಗ್ಗಿದಾಗ, ಲಂಡನ್ನಿನಲ್ಲಿದ್ದ ಡಚ್ ಸರ್ಕಾರ ತನ್ನ ರೈಲ್ವೆ ನೌಕರರಿಗೆ ಮುಷ್ಕರ ಹೂಡಲು ಕರೆಕೊಟ್ಟಿತು. ಅದಕ್ಕೆ ಪ್ರತೀಕಾರವಾಗಿ ಜರ್ಮನರು ದೇಶದ ಪಶ್ಚಿಮದ ನಗರಗಳಿಗೆ ಆಹಾರ ಸಾಗಿಸುವುದನ್ನೇ ತಡೆದರು. ನವೆಂಬರಿನಲ್ಲಿ ದೋಣಿಯ ಸಾಗಾಣಿಕೆಗೆ ಅನುಮತಿ ಕೊಟ್ಟರಾದರೂ ಅಷ್ಟರಲ್ಲಿ ಚಳಿ ಬಿಗಿಯಿತು, ಕಾಲುವೆಗಳು ಹೆಪ್ಪುಗಟ್ಟಿದುವು. ಆಮ್‌ಸ್ಟರ್‌ಡಾಮಿನಲ್ಲಿ ಒಬ್ಬ ವಯಸ್ಕನಿಗೆ ದಿನಕ್ಕೆ ಸಿಗುತ್ತಿದ್ದ ಪಡಿತರ ನವೆಂಬರ್ ಕೊನೆಗೆ 1,000 ಕ್ಯಾಲೊರಿಗಿಂತ ಕೆಳಗಿಳಿದು, ಡಿಸೆಂಬರಿನಿಂದ ಏಪ್ರಿಲಿನವರೆಗೆ 400ರಿಂದ 800ರಷ್ಟಕ್ಕೆ ಬಂತು. ಜನ ಟ್ಯುಲಿಪ್ ಹೂವಿನ ಗೆಡ್ಡೆಗಳನ್ನೂ ಸಕ್ಕರೆ ಬೀಟನ್ನೂ ಬೇಯಿಸಿ ತಿಂದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. 1945ರ ಮೇ ತಿಂಗಳಲ್ಲಿ ಬಿಡುಗಡೆಯಾಯಿತು, ಅನ್ನ ಮರಳಿತು. ಅದನ್ನು ಹಸಿವಿನ ಚಳಿಗಾಲವೆಂದು ಅಲ್ಲಿನವರು ಇಂದಿಗೂ ಕರೆಯುತ್ತಾರೆ.

ಆ ತಿಂಗಳುಗಳಲ್ಲೂ ಆಮ್‌ಸ್ಟರ್‌ಡಾಮಿನ ವಿಲ್ಹೆಲ್ಮಿನಾ ಆಸ್ಪತ್ರೆಯಲ್ಲಿ ಹೆರಿಗೆಗಳು ಆಗುತ್ತಲೇ ಇದ್ದುವು. ದಾದಿಯರು ತೂಕ ಬರೆಯುತ್ತಲೇ ಇದ್ದರು. 1943ರ ನವೆಂಬರಿನಿಂದ 1947ರ ಫೆಬ್ರವರಿಯವರೆಗೆ ಅಲ್ಲಿ ಹುಟ್ಟಿದ 2,414 ಮಂದಿಯನ್ನು ಮುಂದೆ ಗುರುತಿಸಿ, ಅವರಿಗೆ ಐವತ್ತು ತುಂಬುವ ಹೊತ್ತಿಗೆ ಪರೀಕ್ಷೆಗೆ ಕರೆದರು. ಹಸಿವು ಬಸುರಿನ ಕೊನೆಯ ತಿಂಗಳುಗಳಲ್ಲಿ ತಟ್ಟಿದ್ದರೆ ಮಗು ಹಗುರಾಗಿ ಹುಟ್ಟಿತ್ತು. ಸುಮಾರು 300 ಗ್ರಾಂ ಕಡಿಮೆ. ಇದು ನಿರೀಕ್ಷೆಯದೇ. ಇಂಥವರಲ್ಲಿ ರಕ್ತದ ಸಕ್ಕರೆಯನ್ನು ಅರಗಿಸುವ ಶಕ್ತಿ ಕುಂದಿತ್ತು. ಆದರೆ ಬಸುರಿನ ಮೊದಲ ತಿಂಗಳುಗಳಲ್ಲಿ ಹಸಿವು ತಟ್ಟಿ, ಆಮೇಲೆ ತಾಯಿಗೆ ಹೊಟ್ಟೆತುಂಬ ಸಿಕ್ಕಿದ್ದರೆ, ಮಗು ಎಲ್ಲರಷ್ಟೇ ತೂಕದಿಂದ ಹುಟ್ಟಿತ್ತು. ನೋಡಿದವರು ದೃಷ್ಟಿ ತೆಗೆಯಬೇಕು, ಅಷ್ಟು ಚೆನ್ನಾಗಿ! ಐವತ್ತರ ವಯಸ್ಸಿಗೆ ಹೃದ್ರೋಗ ಹೆಚ್ಚಾಗಿ ಕಂಡದ್ದು ಇವರಲ್ಲಿಯೇ. ತೂಕವೆಂಬುದು ಕದದ ಸಂದಿಯಿಂದ ಕಂಡ ನೋಟವೇ ಹೊರತು ಒಳಮನೆಯೆಲ್ಲ ಅದರಲ್ಲಿ ಕಾಣುವುದಿಲ್ಲವೆಂದು ಇದರಿಂದ ತಿಳಿಯಿತು.

ಇಲ್ಲಿ ಒಂದು ಉಪಕಥೆ. ಅದೇ ಬರದಲ್ಲಿ ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಎಂಬವರು, ಹೊಟ್ಟೆ ಉಬ್ಬರಿಸಿ ಕೈಕಾಲು ಸೊರಗುವ ಸೀಲಿಯಾಕ್ ಎಂಬ ರೋಗದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಊರಿಗೆ ಊರೇ ಸೊರಗುತ್ತಿದ್ದಾಗ ಈ ಮಕ್ಕಳು ಚೇತರಿಸಿಕೊಂಡರು! ರೊಟ್ಟಿ ಸಿಗದುದೇ ಅದಕ್ಕೆ ಕಾರಣ. ಗೋಧಿಯೇ ಇವರಿಗೆ ಹಗೆಯೆಂದು ಡಿಕೆಯವರಿಗೆ ಯುದ್ಧಕ್ಕೆ ಮೊದಲೇ ಸಂಶಯವಿತ್ತು. ಬರ ಅದನ್ನು ಬಲಪಡಿಸಿತು. 1950ರಲ್ಲಿ ಅವರು ಯೂಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಆ ಬಗ್ಗೆ ಪ್ರಬಂಧ ಒಪ್ಪಿಸಿದರು. ಈ ರೋಗ ಬರುವುದು ಕೆಲವು ನಿಶ್ಚಿತ ವಂಶವಾಹಿಗಳಿದ್ದವರಿಗೆ ಮಾತ್ರ. ಆದರೆ ಅವು ಇದ್ದವರೆಲ್ಲರಿಗೂ ಬರುವುದಿಲ್ಲ. ಹೆಚ್ಚಿನವರಿಗೆ ಬರುವುದೇ ಇಲ್ಲ. ಗೋಧಿಯಿಲ್ಲದ ನಾಡಿನಲ್ಲಂತೂ ಆ ಬೀಜ ಮೊಳೆಯದೆ ಮಲಗಿರುತ್ತದೆ.

ಇದಕ್ಕೆ ಜೊತೆಯಾಗಿ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. 1934ರಲ್ಲಿ ನಾರ್ವೆಯ ಫೋಲಿಂಗ್ ಎಂಬ ವೈದ್ಯರ ಬಳಿಗೆ ಒಬ್ಬ ತಾಯಿ ಬುದ್ಧಿ ಬೆಳೆಯದ ಇಬ್ಬರು ಮಕ್ಕಳನ್ನು ಕರೆತಂದಳು. ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅದು ಹಸಿರಾಯಿತು. ಆಹಾರದಲ್ಲಿನ ಫೀನೈಲ್ಅಲನೀನ್ ಎಂಬ ಅಂಶವನ್ನು ಕರಗಿಸಲಾರದ ವಂಶವಾಹಿ ದೋಷ ಅದು. ತಂದೆಯಿಂದ ಒಂದು, ತಾಯಿಯಿಂದ ಒಂದು ಕೂಡಿ ಬಂದದ್ದು. ಇದಕ್ಕಿಂತ ಖಚಿತವಾದ ಹಣೆಬರಹ ಬೇರೆ ಇರಲಾರದು ಎನಿಸುತ್ತದೆ. ಆದರೂ 1950ರ ದಶಕದಲ್ಲಿ ಆ ಅಂಶ ಕಡಿಮೆಯಿರುವ ಆಹಾರವನ್ನು ಬಿಕೆಲ್ ಎಂಬ ವೈದ್ಯರೂ ಅವರ ಸಂಗಡಿಗರೂ ಸಿದ್ಧಪಡಿಸಿದರು. ಹುಟ್ಟಿದ ಕೆಲವೇ ದಿನಗಳಲ್ಲಿ ಗುರುತು ಹಿಡಿದು ಆ ಪಥ್ಯವನ್ನು ಕೊಟ್ಟರೆ ಮಗು ಎಲ್ಲರಂತೆ ಓದಿ ಬರೆದು ಬೆಳೆಯುತ್ತದೆ. ತಡವಾದರೆ ಆಗಿಹೋದ ಹಾನಿ ಹಿಂತಿರುಗುವುದಿಲ್ಲ. ಬೀಜ ಅದೇ, ಬೇರೆಯಾದದ್ದು ಮೊದಲ ತಿಂಗಳುಗಳ ಹಾಲು.

ಬರಗಾಲದ ಮಾತಿಗೆ ಬರೋಣ. ಡಚ್ಚರ ಲೆಕ್ಕವನ್ನು ನೋಡಿದವರು ಲೆನಿನ್‌ಗ್ರಾಡಿನ ಕಡೆಗೂ ತಿರುಗಿದರು. 1941ರ ಸೆಪ್ಟೆಂಬರಿನಿಂದ 1944ರ ಜನವರಿಯವರೆಗೆ ಆ ನಗರಕ್ಕೆ ಮುತ್ತಿಗೆ. ಅಲ್ಲಿನ ಹಸಿವು ಹಾಲೆಂಡಿನದಕ್ಕಿಂತ ಘೋರ. ಗರ್ಭದಲ್ಲಿದ್ದಾಗ ಅದನ್ನು ಕಂಡವರನ್ನು ಐವತ್ತು ವರ್ಷದ ಮೇಲೆ ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದಾಗ, ಸಕ್ಕರೆ ಅರಗಿಸುವುದರಲ್ಲಿ ಅವರಿಗೂ ಇತರರಿಗೂ ವ್ಯತ್ಯಾಸವೇ ಕಾಣಲಿಲ್ಲ! ಬಾರ್ಕರರ ವಾದ ಇಲ್ಲಿಗೆ ಮುಗಿಯಿತೆಂದು ಕೆಲವರು ಭಾವಿಸಿದರು. ಆದರೆ ಎರಡು ಊರುಗಳಿಗೂ ಒಂದು ಭೇದವಿತ್ತು. ಹಾಲೆಂಡಿನಲ್ಲಿ ಹಸಿವಿನ ಬೆನ್ನಿಗೇ ಸಮೃದ್ಧಿ ಬಂತು. ಲೆನಿನ್‌ಗ್ರಾಡಿನ ಮಕ್ಕಳು ಹುಟ್ಟಿದ ಮೇಲೂ ಬಹುಕಾಲ ಅರೆಹೊಟ್ಟೆಯಲ್ಲೇ ಬೆಳೆದರು. ಗರ್ಭದಲ್ಲಿರುವ ಕೂಸು ತಾಯಿಯ ಮೂಲಕ ಹೊರಗಿನ ಕಾಲ ಹೇಗಿದೆಯೆಂದು ಅರಿತು, ಅದಕ್ಕೆ ತಕ್ಕಂತೆ ತನ್ನ ಮೈಯನ್ನು ಕಟ್ಟಿಕೊಳ್ಳುತ್ತದೆ. ಮಿದುಳಿಗೆ ಮೊದಲ ಪಾಲು ಕೊಟ್ಟು, ಇನ್ಸುಲಿನ್ ತಯಾರಿಸುವ ಗ್ರಂಥಿಗೂ ಮೂತ್ರಪಿಂಡಕ್ಕೂ ಕೈಬಿಗಿ ಹಿಡಿಯುತ್ತದೆ. ಮೂತ್ರಪಿಂಡದ ಸೋಸುವ ಘಟಕಗಳಂತೂ ಹುಟ್ಟುವ ಮೊದಲೇ ಎಣಿಕೆ ಮುಗಿದುಹೋಗುತ್ತವೆ. ಆಮೇಲೆ ಒಂದೂ ಹೊಸತು ಹುಟ್ಟುವುದಿಲ್ಲ. ಬರಕ್ಕೆಂದು ಸಿದ್ಧವಾಗಿ ಬಂದ ಮೈಗೆ ಹಬ್ಬದೂಟ ಸಿಕ್ಕಿದಾಗಲೇ ಕಷ್ಟ. ಇದು ಒಂದು ವಿವರಣೆ. ಪೂರ್ತಿ ತೀರ್ಮಾನವಾಯಿತೆಂದು ನಾನು ಹೇಳುವುದಿಲ್ಲ.

1962ರಲ್ಲಿ ಅಮೆರಿಕದ ಜೇಮ್ಸ್ ನೀಲ್ ಎಂಬವರು ಇದನ್ನೇ ವಂಶವಾಹಿಯ ಭಾಷೆಯಲ್ಲಿ ಹೇಳಿದ್ದರು. ಬರದಲ್ಲಿ ಬದುಕುಳಿಯಲು ನೆರವಾದ ‘ಜಿಪುಣ’ ವಂಶವಾಹಿಗಳೇ ಸುಭಿಕ್ಷದಲ್ಲಿ ಮಧುಮೇಹಕ್ಕೆ ಕಾರಣವೆಂದರು. ಬಾರ್ಕರರೂ ಕೇಂಬ್ರಿಜ್‌ನ ಹೇಲ್ಸ್ ಅವರೂ 1992ರಲ್ಲಿ, ಜಿಪುಣತನ ಬೀಜದ್ದಲ್ಲ, ಗರ್ಭದಲ್ಲಿ ಕಲಿತದ್ದು ಎಂದರು. 1998ರಲ್ಲಿ ಹ್ಯಾಟರ್ಸ್‌ಲಿ ಎಂಬ ಆಂಗ್ಲ ವೈದ್ಯರು ಕಂಡ ಕುಟುಂಬಗಳ ಲೆಕ್ಕ ಈ ಜಗಳವನ್ನು ಸ್ವಾರಸ್ಯವಾಗಿ ಬಿಡಿಸುತ್ತದೆ. ಗ್ಲುಕೊಕೈನೇಸ್ ಎಂಬುದರ ವಂಶವಾಹಿಯಲ್ಲಿ ದೋಷವಿದ್ದರೆ ಮೈ ಸಕ್ಕರೆಯನ್ನು ಸರಿಯಾಗಿ ಅಳೆಯಲಾರದು. ಆ ದೋಷ ಮಗುವಿಗೆ ಮಾತ್ರ ಬಂದಿದ್ದರೆ ಅದರ ಇನ್ಸುಲಿನ್ ಕಡಿಮೆಯಾಗಿ ಹುಟ್ಟುವಾಗ ಅರ್ಧ ಕಿಲೋದಷ್ಟು ಹಗುರು. ತಾಯಿಗೆ ಮಾತ್ರ ಇದ್ದರೆ ಅವಳ ರಕ್ತದ ಸಕ್ಕರೆ ಏರಿ ಮಗು 600 ಗ್ರಾಂನಷ್ಟು ಭಾರ. ಇಬ್ಬರಿಗೂ ಇದ್ದರೆ? ಬೀಜ ಕೆಳಕ್ಕೆ ಎಳೆಯುತ್ತದೆ, ಹೊಲ ಮೇಲಕ್ಕೆ ಎತ್ತುತ್ತದೆ. ಮಗು ಸರಾಸರಿ ತೂಕದಿಂದ ಹುಟ್ಟುತ್ತದೆ.

ಹೊಲ ಬೀಜದ ಮೇಲೆ ಗುರುತು ಮಾಡಬಲ್ಲುದೆಂಬುದೂ ಆಮೇಲೆ ತಿಳಿಯಿತು. 2008ರಲ್ಲಿ ಡಚ್ ಸಂಶೋಧಕರು, ಹಸಿವಿನ ಚಳಿಗಾಲದಲ್ಲಿ ಗರ್ಭಕ್ಕೆ ಬಂದವರನ್ನು ಹಸಿವು ಕಾಣದ ಅವರ ಒಡಹುಟ್ಟಿದವರೊಡನೆ ಹೋಲಿಸಿದರು. ಬೆಳವಣಿಗೆಗೆ ಸಂಬಂಧಿಸಿದ ಒಂದು ವಂಶವಾಹಿಯ ಮೇಲೆ ಕೂಡುವ ಮೀಥೈಲ್ ಎಂಬ ರಾಸಾಯನಿಕ ಗುರುತುಗಳು, ಅರವತ್ತು ವರ್ಷ ಕಳೆದಿದ್ದರೂ, ಹಸಿವು ಕಂಡವರಲ್ಲಿ ಕಡಿಮೆಯಿದ್ದುವು. ಪಂಡಿತನಾದ ನನಗೆ ಇದು ಹೀಗೆ ತೋರುತ್ತದೆ: ಓಲೆಗರಿಯ ಅಕ್ಷರಗಳು ಅವೇ, ಯಾವುದನ್ನು ಒತ್ತಿ ಓದಬೇಕು, ಯಾವುದನ್ನು ನುಂಗಬೇಕು ಎಂಬ ಗುರುತು ಮಾತ್ರ ಬೇರೆ.

ಈಗ ನಮ್ಮ ಮೈಸೂರು. ಮಂಡಿ ಮೊಹಲ್ಲದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಮೂರನ್ನೂ ಬರೆದಿಡುತ್ತಿದ್ದರು. ಕ್ಯಾರೊಲಿನ್ ಫಾಲ್, ಕಲ್ಯಾಣರಾಮನ್ ಕುಮಾರನ್ ಮೊದಲಾದ ಸಂಶೋಧಕರು ಬಾರ್ಕರರೊಡನೆ ಕೂಡಿ ಈ ದಪ್ತರವನ್ನು ಹಿಡಿದು, ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಮನೆಮನೆ ವಿಚಾರಿಸಿ, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿದರು. 1996ರಲ್ಲಿ ಫಲಿತಾಂಶ ಬಂತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಿಂದ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ, 3.1 ಕಿಲೋಗೆ ಮೇಲಿದ್ದವರಲ್ಲಿ ನೂರಕ್ಕೆ 3. ತಾಯಿಯ ತೂಕ ಕಡಿಮೆಯಿದ್ದ ಕಡೆಯೂ ರೋಗ ಹೆಚ್ಚು. ಹರ್ಟ್‌ಫರ್ಡ್‌ಶೈರ್ ಹೇಳಿದ್ದನ್ನೇ ಮೈಸೂರೂ ಹೇಳಿತು.

ಮಧುಮೇಹದ ವಿಷಯದಲ್ಲಿ ಮಾತ್ರ ಮೈಸೂರು ಬೇರೆ ಮಾತಾಡಿತು. ಎರಡು ವರ್ಷದ ಮೇಲೆ ಪ್ರಕಟವಾದ ಲೆಕ್ಕದಂತೆ, ಇಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡದ್ದು ಸಣ್ಣ ಮಕ್ಕಳಾಗಿ ಹುಟ್ಟಿದವರಲ್ಲಲ್ಲ. ಉದ್ದ ಕಡಿಮೆಯಿದ್ದು ಮೈತುಂಬಿಕೊಂಡು ಹುಟ್ಟಿದವರಲ್ಲಿ, ಭಾರವಾದ ತಾಯಂದಿರ ಮಕ್ಕಳಲ್ಲಿ. ಬಸುರಿಯಲ್ಲಿ ಸಕ್ಕರೆ ಏರಿದರೆ ಅದು ಹೊಕ್ಕುಳ ಬಳ್ಳಿಯ ಮೂಲಕ ಕೂಸಿಗೂ ಹರಿಯುತ್ತದೆ. ಹಾಗಾಗಿಯೇ 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಬಸುರಿಯರ ರಕ್ತ ಪರೀಕ್ಷೆ ನಡೆಸಿ, ಹುಟ್ಟಿದ ಮಕ್ಕಳನ್ನು ವರ್ಷವರ್ಷವೂ ನೋಡುತ್ತ ಬಂದರು. ಬಸುರಿನಲ್ಲಿ ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಿಗೆ ಐದು ವರ್ಷಕ್ಕೇ ಮೈಯಲ್ಲಿ ಕೊಬ್ಬೂ ರಕ್ತದಲ್ಲಿ ಇನ್ಸುಲಿನ್ನೂ ಹೆಚ್ಚಾಗಿದ್ದುವು. ಪುಣೆಯ ಯಾಜ್ಞಿಕ್ ಎಂಬ ವೈದ್ಯರು ಸುತ್ತಣ ಹಳ್ಳಿಗಳ ಶಿಶುಗಳನ್ನು ಸೌತಾಂಪ್ಟನ್ನಿನ ಶಿಶುಗಳೊಡನೆ ಹೋಲಿಸಿದಾಗ, ನಮ್ಮ ಕೂಸುಗಳು 2.7 ಕಿಲೋ, ಅಲ್ಲಿಯವು 3.5 ಕಿಲೋ, ಸ್ನಾಯುವಿನಲ್ಲಿ ನಮ್ಮವು ಬಹಳ ಬಡವು, ಬೆನ್ನಿನ ಕೊಬ್ಬಿನಲ್ಲಿ ಮಾತ್ರ ಹೆಚ್ಚು ಹಿಂದಿಲ್ಲ. ದೆಹಲಿಯಲ್ಲಿ 1969ರಿಂದ 1972ರೊಳಗೆ ಹುಟ್ಟಿದವರ ಲೆಕ್ಕದಲ್ಲಿ, ಎರಡು ವರ್ಷಕ್ಕೆ ಸಣಕಲಾಗಿದ್ದು ಆಮೇಲೆ ಹನ್ನೆರಡರವರೆಗೆ ಬೇಗಬೇಗ ಮೈಹಿಡಿದವರಿಗೆ ಯೌವನದಲ್ಲೇ ಸಕ್ಕರೆ ಏರಿತ್ತು. ದೊಡ್ಡ ಮಕ್ಕಳನ್ನು “ತಿನ್ನು, ಇನ್ನೊಂದು ತುತ್ತು” ಎಂದು ಒತ್ತಾಯಿಸುವ ಅಜ್ಜಿಯರಿಗೆ ಇದನ್ನು ಹೇಗೆ ತಿಳಿಸುವುದೋ ನನಗೆ ತೋಚಿಲ್ಲ.

ಇದರಲ್ಲಿ ಒಂದು ಅಪಾಯವೂ ಉಂಟು, ಅದನ್ನು ಮುಚ್ಚಿಡಬಾರದು. ಹಿಂದೆ ಮನೆತನದ ರಕ್ತಕ್ಕೆ ಹೊರಿಸುತ್ತಿದ್ದ ತಪ್ಪನ್ನು ಈಗ ತಾಯಿಯ ತಲೆಗೆ ಕಟ್ಟುವವರು ಹೊರಟಿದ್ದಾರೆ. “ಬಸುರಿಯಲ್ಲಿ ಸರಿಯಾಗಿ ತಿಂದಿದ್ದರೆ ಮಗನಿಗೆ ಹೀಗಾಗುತ್ತಿತ್ತೆ?” ಎಂದು ಎಪ್ಪತ್ತು ದಾಟಿದ ಮುದುಕಿಯನ್ನು ಕೇಳಿದವರನ್ನು ನಾನೇ ಕಂಡಿದ್ದೇನೆ. ಆಕೆಗೆ ತಿನ್ನಲು ಕೊಟ್ಟವರು ಯಾರು? ಗಂಡಸರೂ ಮಕ್ಕಳೂ ಉಂಡೆದ್ದ ಮೇಲೆ ತಳದಲ್ಲಿ ಉಳಿದದ್ದು ಅವಳ ಪಾಲು. ಮಗು ದಪ್ಪವಾದರೆ ಹೆರಿಗೆ ಕಷ್ಟವೆಂದು ಬಸುರಿಯ ಅನ್ನವನ್ನೇ ಕಡಿಮೆ ಮಾಡುತ್ತಿದ್ದ ಮನೆಗಳು ನಮ್ಮಲ್ಲಿ ಕಡಿಮೆಯೇನೂ ಇರಲಿಲ್ಲ.

1996ರ ಮೈಸೂರಿನ ಲೆಕ್ಕದಲ್ಲಿ ತಾಯಿಯ ತೂಕವೂ ಸೇರಿತ್ತೆಂದು ಹೇಳಿದೆನಷ್ಟೆ. 1934ರಲ್ಲಿ ಆ ಆಸ್ಪತ್ರೆಯಲ್ಲಿ ಹೆತ್ತ ಇಪ್ಪತ್ತು ವರ್ಷದ ತಾಯಿ ತಾನು ಕೂಸಾಗಿದ್ದುದು 1914ರ ಸುಮಾರಿಗೆ. 1918ರ ಇನ್‌ಫ್ಲುಯೆನ್ಸ ಜ್ವರ ಬಂದಾಗ ಅವಳಿಗೆ ನಾಲ್ಕು ವರ್ಷ. ಅವಳನ್ನು ಹುಟ್ಟಿದಾಗ ಯಾರೂ ತೂಗಿರಲಿಲ್ಲ. ಹೆಣ್ಣುಮಗುವಿನ ಅಂಡಾಣುಗಳೆಲ್ಲ ಅದು ಇನ್ನೂ ತನ್ನ ತಾಯಿಯ ಗರ್ಭದಲ್ಲಿರುವಾಗಲೇ ಮೂಡಿಬಿಡುತ್ತವೆ. ಹಾಗೆ ನೋಡಿದರೆ ಆ 517 ಮಂದಿಯಲ್ಲಿ ಪ್ರತಿಯೊಬ್ಬರೂ ಮೊದಲು ಕೆಲವು ತಿಂಗಳು ಅಜ್ಜಿಯ ಮಡಿಲಿನಲ್ಲಿ ಇದ್ದವರೇ. ಮಿಷನ್ ಆಸ್ಪತ್ರೆಯ ದಪ್ತರದಲ್ಲಿ ತಾಯಿಯ ಹೆಸರು, ತಂದೆಯ ಹೆಸರು, ಮಗುವಿನ ತೂಕ ಇವೆ. ಅಜ್ಜಿಗೆ ಕಲಮು ಇಲ್ಲ.